ದಾಕ್ಷಾಯಣಕ್ಕನ ಬಾವಿ ಹಾಕದ ರಜೆ

ನಮ್ಮೂರಿನಲ್ಲಿ ಬಾವಿಗೆ ವರ್ಷಕ್ಕೆ ಹನ್ನೆರಡು ದಿನ ರಜೆ. ಯಾವಾಗ ಹಾಕಬೇಕು, ಒಟ್ಟಿಗೆ ಹಾಕಬೇಕೋ ಬಿಡಿಬಿಡಿಯಾಗಿ ಹಾಕಬೇಕೋ ಎನ್ನುವುದೆಲ್ಲ ಬಾವಿಯ ಇಷ್ಟ. ಕೆಲವು ಬಾವಿಗಳು, ಪಾಪ, ಬೇಸಿಗೆಯಲ್ಲಿ ಮನೆಯವರಿಗೆ ಕಷ್ಟವಾದೀತು ಎಂದು ಮಳೆಗಾಲದಲ್ಲೇ ರಜೆ ಮುಗಿಸಿಕೊಳ್ಳುತ್ತವೆ. ಇನ್ನು ಕೆಲವಕ್ಕೆ ಮನೆಯಲ್ಲಿ ಮದುವೆ ಮುಂಜಿ ಬಂತೆಂದರೆ ಸಾಕು, ಚಪ್ಪರ ಹಾಕಿದ ದಿನವೇ ಮಾಯ. ನಮ್ಮ ಮನೆಯ ಬಾವಿ ಪ್ರತಿ ವರ್ಷ ನನ್ನ ಅತ್ತೆ ಬಂದಿಳಿದ ಮಾರನೆಯ ದಿನ ಹೊರಟು, ಆಕೆ ಬಸ್ಸು ಹತ್ತಿದ ಮೇಲೆ ವಾಪಸ್ಸು ಬರುತ್ತದೆ. ಅದನ್ನು ನಾನೇ ಕಲಿಸಿದ್ದು ಎಂದು ನನ್ನ ಹೆಂಡತಿ ಕಮಲಿಯ ಗುಮಾನಿ. ಬಾವಿಗೆ ಪಾಠ ಹೇಳುವಷ್ಟು ಪುರುಸೊತ್ತು ನನಗೆಲ್ಲಿಂದ ಬರಬೇಕು.

ಇದಕ್ಕೆ ತಕ್ಕ ಹಾಗೆ ಊರಿನಲ್ಲಿ ಒಂದಷ್ಟು ಕಟ್ಟುಪಾಡುಗಳಿವೆ. ಬಾವಿಯ ಬಾಯಿಗೆ ಕಲ್ಲಿನ ಚಪ್ಪಡಿ ಮುಚ್ಚಿರಬೇಕು. ಅದನ್ನು ಸರಿಸಿ, ಬಾವಿ ಇದೆಯೋ ಇಲ್ಲವೋ ಎಂದು ಯಾರೂ ಬಗ್ಗಿ ನೋಡುವಂತಿಲ್ಲ. ಮಲಗಿದವರ ಹೊದಿಕೆ ಎತ್ತಿ ನೋಡಿದ ಹಾಗೆ ಅದು. ಹಿಂದೆ ಯಾರೋ ಒಬ್ಬ ನೋಡಿದ್ದಕ್ಕೆ ಆ ಬೀದಿಯ ಏಳು ಬಾವಿಗಳು ಒಟ್ಟಿಗೆ ಎದ್ದು ಹೋಗಿದ್ದವಂತೆ. ಬಾವಿ ರಜೆ ಹಾಕಿದ ಮನೆಗೆ ಬೀದಿಯವರು ಸರದಿಯ ಮೇಲೆ ಎರಡೆರಡು ಕೊಡ ನೀರು ಕೊಡಬೇಕು. ಆದರೆ ಪಂಪು ಕೆಟ್ಟ ಮನೆಗೆ ಒಂದು ಚೊಂಬೂ ಕೊಡುವಂತಿಲ್ಲ, ಅದು ಅವರವರ ಸೋಮಾರಿತನ. ರಜೆ ಮುಗಿಸಿ ಬಂದ ಬಾವಿಯ ಚಪ್ಪಡಿ ಒಂದಿಡೀ ದಿನ ಬೆವರುತ್ತದೆ, ಬಂತೆಂದು ತಿಳಿಯುವುದು ಹಾಗೆ. ಹನ್ನೆರಡು ದಿನ ಕಳೆದರೂ ಬೆವರದಿದ್ದರೆ ಬಾವಿ ಕೆಲಸ ಬಿಟ್ಟಿತು ಎಂದರ್ಥ. ಹದಿಮೂರನೆಯ ದಿನ ಬೆಳಿಗ್ಗೆ ಹಾಜರಿ ಕಚೇರಿಯವರು ಮಣ್ಣು ಸುರಿದು ಗುಂಡಿ ಮುಚ್ಚುತ್ತಾರೆ. ಬಾವಿಯಿಲ್ಲದ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಊರ ಗಡಿ ದಾಟಬೇಕು.

ಹಾಗಾಗಿ ನೀರು ನಿಂತ ಮನೆಯವರು ಮೊದಲು ಓಡಿ ಬರುವುದು ನನ್ನ ಹತ್ತಿರ. ಕೆಟ್ಟಿರುವುದು ಪಂಪೋ, ಹೋಗಿರುವುದು ಬಾವಿಯೋ ಎಂದು ಹೇಳುವ ಅಧಿಕಾರ ಊರಿನಲ್ಲಿ ನನಗೊಬ್ಬನಿಗೇ ಇತ್ತು. ನಾನು ಪಂಪ್ ರಿಪೇರಿ ವೀರಭದ್ರಾಚಾರಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ನನ್ನ ಮಾತು ಸುಳ್ಳಾಗಿರಲಿಲ್ಲ. ಪಂಪು ಚಾಲೂ ಮಾಡಿಸಿ, ಬಾವಿಯಿಂದ ನೀರೆಳೆಯುವ ಪೈಪಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಕಣ್ಣು ಮುಚ್ಚುವ ಅಗತ್ಯವೇನೂ ಇರಲಿಲ್ಲ, ಜನಕ್ಕೆ ಅದರಿಂದ ಒಂದು ನಂಬಿಕೆ ಅಷ್ಟೆ. ಆಮೇಲೆ ಪಂಪು ಎಂದೋ ರಜೆ ಎಂದೋ ಒಂದೇ ಮಾತು ಹೇಳುತ್ತಿದ್ದೆ. ರಜೆ ಎಂದರೆ ಹಾಜರಿ ಗುಮಾಸ್ತ ಪದ್ಮನಾಭಯ್ಯನವರು ಬಂದು, ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡು, 'ಬಾವಿ ರಜೆಯಲ್ಲಿದೆ' ಎಂಬ ತಗಡಿನ ಫಲಕವನ್ನು ಪೈಪಿಗೆ ಬಿಗಿದು, ಪಂಪಿನ ಸ್ವಿಚ್ಚಿಗೆ ಅರಗಿನ ಮುದ್ರೆ ಒತ್ತಿ ಹೋಗುತ್ತಿದ್ದರು. ಮುದ್ರೆ ಬಿದ್ದ ಮೇಲೆ ಚಪ್ಪಡಿ ಬೆವರುವ ತನಕ ಪಂಪನ್ನು ಯಾರೂ ಮುಟ್ಟುವಂತಿಲ್ಲ, ನಾನೂ ಕೂಡ.

ಸಂಡಿಗೆ ದಾಕ್ಷಾಯಣಕ್ಕ ಎಂದರೆ ನಮ್ಮೂರಿನಲ್ಲಿ ಗೊತ್ತಿಲ್ಲದವರಿಲ್ಲ. ಅರವತ್ತು ದಾಟಿದ ಹೆಂಗಸು. ಹಿಟ್ಟು ಬೇಯಿಸಿ, ಒರಳಿನಲ್ಲಿ ಒತ್ತಿ, ಬಿಸಿಲಿಗೆ ಹಾಕಿ, ಆ ಸಂಡಿಗೆಯ ದುಡಿಮೆಯಲ್ಲೇ ಸ್ವಂತಕ್ಕೊಂದು ಮನೆ ಕಟ್ಟಿಕೊಂಡವರು. ಹಿತ್ತಲಿನ ಬಾವಿಯನ್ನೂ ಅವರೇ ಮುಂದೆ ನಿಂತು ತೋಡಿಸಿದ್ದು. ಹತ್ತೊಂಬತ್ತು ವರ್ಷದಲ್ಲಿ ಆ ಬಾವಿ ಒಂದೇ ಒಂದು ದಿನ ರಜೆ ಹಾಕಿರಲಿಲ್ಲ. ಪದ್ಮನಾಭಯ್ಯನವರ ಪುಸ್ತಕದಲ್ಲಿ ಆ ಮನೆಯ ಹಾಳೆ ಬೆಳ್ಳಗೆ ಹಾಗೇ ಇತ್ತು. ದಾಕ್ಷಾಯಣಕ್ಕ ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಹೋಗಿ, ಚಪ್ಪಡಿಯ ಮೇಲೆ ಎರಡು ಸಲ ತಟ್ಟಿ, ಎದ್ಯಾ ಎಂದು ಕೇಳಿದ ಮೇಲೇ ಒಲೆ ಹಚ್ಚುತ್ತಿದ್ದುದು. ಅವರ ಮೇಲೆ ಬೀದಿಯ ಹೆಂಗಸರಿಗೆ ಈ ಒಂದು ವಿಷಯಕ್ಕೆ ಬಹಳ ಹೊಟ್ಟೆಯುರಿ ಇತ್ತು.

ಅವರು ಈ ಸಲ ಒಂದು ಪ್ರೆಷರ್ ಟ್ಯಾಂಕ್ ಹಾಕಿಸಿಕೊಂಡರು. ನೀಲಿ ಬಣ್ಣದ, ಹೊಟ್ಟೆ ಮುಂದೆ ಬಂದ ಉಕ್ಕಿನ ಡಬ್ಬ. ಒಳಗೊಂದು ರಬ್ಬರ್ ಚೀಲ, ಅದರ ಸುತ್ತ ಗಾಳಿ. ಪಂಪು ಚೀಲಕ್ಕೆ ನೀರು ತುಂಬಿದಷ್ಟೂ ಆಚೆ ಕಡೆಯ ಗಾಳಿ ಅಮುಕಿಕೊಳ್ಳುತ್ತದೆ. ನಲ್ಲಿ ತಿರುಗಿಸಿದಾಗ ಆ ಗಾಳಿಯೇ ನೀರನ್ನು ರಭಸವಾಗಿ ಹೊರಕ್ಕೆ ನೂಕುತ್ತದೆ. ಒಂದು ಲೋಟ ನೀರಿಗೆಲ್ಲ ಪಂಪು ಎದ್ದು ಕೂಗಬೇಕಾಗಿಲ್ಲ. ಒತ್ತಡ ತೋರಿಸಲು ನೆತ್ತಿಯಲ್ಲಿ ಮುಳ್ಳಿನ ಮೀಟರು ಬೇರೆ. ಅದನ್ನು ಕೂಡಿಸಿದವನು ನಾನೇ. ಟ್ಯಾಂಕಿಗೆ ಜಾಗ ಮಾಡಲು ಪಂಪನ್ನು ಒಂದು ಗೇಣು ಸರಿಸಿ, ಬಾವಿಯ ಪೈಪಿನ ಜಾಯಿಂಟನ್ನು ಬಿಚ್ಚಿ, ಮತ್ತೆ ನಾರು ಸುತ್ತಿ ಬಣ್ಣ ಬಳಿದು ಬಿಗಿ ಮಾಡಿದ್ದೆ. ನಲ್ಲಿಯಲ್ಲಿ ನೀರು ಹಾರಿ ಬಂದಾಗ ದಾಕ್ಷಾಯಣಕ್ಕ ಸಂತೋಷಪಟ್ಟು ಒಂದು ಡಬ್ಬಿ ತುಂಬ ಅಕ್ಕಿ ಸಂಡಿಗೆ ಕೊಟ್ಟು ಕಳಿಸಿದರು.

ಸರಿಯಾಗಿ ಎಂಟನೆಯ ದಿನ ನೀರು ನಿಂತಿತು. ಅವರು ಕರೆಯಲು ಬಂದಾಗ ನಾನು ಒಗೆದ ಪಂಚೆ ಉಟ್ಟು, ನನ್ನ ಷಡ್ಡಕನ ಮಗುವಿನ ನಾಮಕರಣಕ್ಕೆ ಹೊರಟು ನಿಂತಿದ್ದೆ. ಅಲ್ಲಿ ಕಾಯಿ ಹೋಳಿಗೆ. ಷಡ್ಡಕನ ಮನೆಯಲ್ಲಿ ಮೊದಲ ಪಂಕ್ತಿ ತಪ್ಪಿದರೆ ಎರಡನೆಯ ಪಂಕ್ತಿಗೆ ಹೋಳಿಗೆಯ ಅಂಚು ಮಾತ್ರ ಸಿಗುತ್ತದೆ, ಇದು ಅನುಭವದ ಮಾತು. ಪಂಚೆ ಎತ್ತಿ ಕಟ್ಟಿಕೊಂಡು ಹೋದೆ. ಪಂಪು ಹಾಕಿಸಿದೆ. ಒಣ ಗಂಟಲಿನ ಗರಗರ ಶಬ್ದ, ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಬಾವಿ ಇಲ್ಲದಿದ್ದಾಗಲೂ ಇದೇ ಶಬ್ದ, ಪೈಪು ಎಲ್ಲೋ ಗಾಳಿ ಎಳೆಯುತ್ತಿದ್ದರೂ ಇದೇ ಶಬ್ದ. ಎರಡನ್ನೂ ಬೇರೆ ಮಾಡಬೇಕೆಂದರೆ ಅರ್ಧ ಗಂಟೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಜಾಯಿಂಟು ನೋಡಬೇಕು. ಪಂಚೆಗೆ ಗ್ರೀಸ್ ಹತ್ತುತ್ತದೆ. ನಾನು ಪೈಪಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ರಜೆ ಎಂದುಬಿಟ್ಟೆ.

ದಾಕ್ಷಾಯಣಕ್ಕ ಹೋಗಿ ಚಪ್ಪಡಿಯ ಮೇಲೆ ಎರಡು ಸಲ ತಟ್ಟಿದರು. ಆಮೇಲೆ, "ನಮ್ ಬಾವಿ ಹಂಗೆಲ್ಲ ಹೇಳ್ದೆ ಕೇಳ್ದೆ ಹೋಗೋದಲ್ಲ ಕಣೋ ವೀರಭದ್ರ. ಇನ್ನೊಂದ್ಸಲ ನೋಡು," ಅಂದರು.

ಎಲ್ಲ ಬಾವಿಗಳೂ ಒಂದಲ್ಲ ಒಂದು ದಿನ ಹೋಗುತ್ತವೆ, ಬೇಜಾರು ಮಾಡಿಕೊಳ್ಳಬೇಡಿ, ಹತ್ತೊಂಬತ್ತು ವರ್ಷ ದುಡಿದಿದೆ, ನಾಲ್ಕು ದಿನ ತಿರುಗಾಡಿಕೊಂಡು ಬರಲಿ ಎಂದು ದೊಡ್ಡ ಮನುಷ್ಯನ ಹಾಗೆ ಸಮಾಧಾನ ಹೇಳಿದೆ. ಪದ್ಮನಾಭಯ್ಯನವರು ಬಂದು ಬೆಳ್ಳನೆಯ ಹಾಳೆಯ ಮೇಲೆ ಬರೆದುಕೊಂಡರು, ಫಲಕ ಬಿಗಿದರು, ಮುದ್ರೆ ಒತ್ತಿದರು. ನನಗೆ ಮೊದಲ ಪಂಕ್ತಿಯಲ್ಲೇ ಎಲೆ ಸಿಕ್ಕಿತು. ಆರು ಹೋಳಿಗೆ ತಿಂದೆ.

ಮೊದಮೊದಲು ಬೀದಿಯಲ್ಲಿ ಒಂದು ಥರದ ಹಬ್ಬದ ವಾತಾವರಣ. ಹತ್ತೊಂಬತ್ತು ವರ್ಷ ಬೀಗಿದ ಬಾವಿಯೂ ಕೊನೆಗೆ ಹೋಯಿತಲ್ಲ ಎಂದು ಹೆಂಗಸರು ಬಹಳ ಅಕ್ಕರೆಯಿಂದ ಕೊಡಗಳನ್ನು ಹೊತ್ತು ತಂದು ಕೊಟ್ಟರು. ಆರನೆಯ ದಿನವೂ ಬರದಿದ್ದಾಗ ಅವರಿಗೂ ಕಳವಳ ಶುರುವಾಯಿತು. ಎದುರುಮನೆಯ ಸಾಕಮ್ಮ ಚಪ್ಪಡಿಯ ಮೇಲೆ ರೇಡಿಯೋ ತಂದಿಟ್ಟು, ಊರಿನ ಸುದ್ದಿ ಕೇಳಿದರೆ ನೆನಪಾಗಿ ಬಂದೀತು ಎಂದಳು. ಇನ್ಯಾರೋ ಕ್ಷೇಮಸಮಾಚಾರದ ಕಾಗದ ಬರೆದು ಚಪ್ಪಡಿಯ ಸಂದಿಗೆ ತುರುಕಿದರು. ಕೊನೆಗೆ ಎಲ್ಲರೂ ಸೇರಿ, ತಪ್ಪೆಲ್ಲ ಆ ನೀಲಿ ಟ್ಯಾಂಕಿನದು, ಎದುರಿಗೇ ಇನ್ನೊಂದನ್ನು ತಂದು ಕೂರಿಸಿದರೆ ಯಾವ ಬಾವಿಗೆ ತಾನೇ ಬೇಸರವಾಗದು ಎಂದು ತೀರ್ಮಾನಿಸಿದರು. ಟ್ಯಾಂಕಿಗೆ ಹಳೆಯ ಸೀರೆ ಹೊದಿಸಿ, ಕಾಣದ ಹಾಗೆ ಮರೆ ಮಾಡಿದರು. ದಾಕ್ಷಾಯಣಕ್ಕ ಇದ್ಯಾವುದಕ್ಕೂ ಬೇಡ ಅನ್ನಲಿಲ್ಲ. ಬೆಳಿಗ್ಗೆ ಚಪ್ಪಡಿ ತಟ್ಟಿ ಎದ್ಯಾ ಎನ್ನುವುದನ್ನು ಮಾತ್ರ ಬಿಡಲಿಲ್ಲ. ಸರದಿಯ ನೀರು ಕುಡಿಯಲು, ಸ್ನಾನಕ್ಕೆ ಸಾಕಾಗುತ್ತಿತ್ತು. ಹಿಟ್ಟು ಬೇಯಿಸಲು ಎಲ್ಲಿಂದ ತರುವುದು? ಸಂಡಿಗೆಯ ಒರಳು ಒಣಗಿ ಮೂಲೆ ಸೇರಿತು.

ರಜೆ ಶುರುವಾದ ಎಂಟನೆಯ ದಿನ ಬೇರೊಂದು ಮನೆಯಲ್ಲಿ ಕೆಲಸ ಮಾಡುತ್ತಾ ನನ್ನ ಸಾಮಾನಿನ ಚೀಲಕ್ಕೆ ಕೈ ಹಾಕಿದೆ. ತಳದಲ್ಲಿ ಒಂದು ಕರಿಯ ರಬ್ಬರ್ ವಾಷರ್ ಸಿಕ್ಕಿತು. ಒಂದೂಕಾಲು ಇಂಚಿನದು. ಆ ಅಳತೆಯ ಜಾಯಿಂಟು ಈಚೆಗೆ ನಾನು ಬಿಚ್ಚಿದ್ದು ಒಂದೇ ಮನೆಯಲ್ಲಿ. ವಾಷರನ್ನು ಅಂಗೈ ಮೇಲಿಟ್ಟುಕೊಂಡು ನಾನು ಹಾಗೇ ಕೂತುಬಿಟ್ಟೆ. ಅದಿಲ್ಲದೆ ಬರೀ ನಾರು, ಬಣ್ಣದ ಮೇಲೆ ಜಾಯಿಂಟು ಒಂದು ವಾರ ಹೇಗೋ ಹಿಡಿದಿತ್ತು. ಬಣ್ಣ ಒಣಗಿ ಬಿರುಕು ಬಿಟ್ಟ ದಿನದಿಂದ ಪೈಪು ನೀರಿನ ಬದಲು ಗಾಳಿ ಎಳೆಯುತ್ತಿತ್ತು. ಬಾವಿ ಎಲ್ಲಿಗೂ ಹೋಗಿರಲಿಲ್ಲ. ಎಂಟು ದಿನದಿಂದ ಚಪ್ಪಡಿಯ ಕೆಳಗೆ ನೀರು ತುಂಬಿಕೊಂಡು, ಮೇಲೆ ರೇಡಿಯೋ ಕೇಳುತ್ತಾ ಕೂತಿತ್ತು.

ಇಲ್ಲಿಂದ ಮುಂದಿನ ನಾಲ್ಕು ದಿನದ ಬಗ್ಗೆ ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಯಾರಿಗೂ ಹೇಳಲಿಲ್ಲ. ಗುಟ್ಟಾಗಿ ಹೋಗಿ ಸರಿ ಮಾಡೋಣವೆಂದರೆ ಮುದ್ರೆ ಇದೆ. ಬಾಯಿ ಬಿಟ್ಟು ಹೇಳಿದರೆ ಇಪ್ಪತ್ತೆರಡು ವರ್ಷದ ಹೆಸರು ಹೋಗುತ್ತದೆ. ಮೇಲಾಗಿ, ಬಾವಿಯ ಮೇಲೆ ಸುಳ್ಳು ಹೇಳಿದವನಿಗೆ ಮತ್ತೆ ಹಾಜರಿ ಹೇಳುವ ಅಧಿಕಾರ ಕೊಡುವುದಿಲ್ಲ. ಬಾವಿಯೇ ಏನಾದರೂ ಮಾಡೀತು, ಚಪ್ಪಡಿ ತಾನಾಗಿ ಬೆವರೀತು ಎಂದು ಕಾದೆ. ಇದ್ದಲ್ಲೇ ಇರುವ ಬಾವಿಯ ಚಪ್ಪಡಿ ಬೆವರುವುದಿಲ್ಲ ಎಂದು ನನಗೂ ಗೊತ್ತಿತ್ತು. ಊಟ ಸೇರುತ್ತಿರಲಿಲ್ಲ. ಕಮಲಿ ಅದನ್ನು ಹೋಳಿಗೆಯ ಅಜೀರ್ಣ ಎಂದುಕೊಂಡು ಶುಂಠಿ ಕಷಾಯ ಕುಡಿಸಿದಳು, ನಾನು ಕುಡಿದೆ.

ಹನ್ನೆರಡನೆಯ ದಿನ ಮಧ್ಯಾಹ್ನ ದಾಕ್ಷಾಯಣಕ್ಕ ಹೇಳಿ ಕಳಿಸಿದರು. ಹೋದೆ. ಬೀದಿಯಲ್ಲಿ ಆಗಲೇ ಮಣ್ಣಿನ ಗಾಡಿ ನಿಂತಿತ್ತು, ನಾಳೆಗೆ ಬೇಕಾದದ್ದನ್ನು ಪದ್ಮನಾಭಯ್ಯನವರು ಇವತ್ತೇ ತರಿಸಿಟ್ಟಿದ್ದರು. ಅವರು ಜಗಲಿಯ ಮೇಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಳಗೆ ಪಾತ್ರೆಗಳೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದವು. ಮೊರಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದಿದ್ದರು. ದಾಕ್ಷಾಯಣಕ್ಕ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಟ್ಯಾಂಕಿನ ಮೇಲಿನ ಸೀರೆ ತೆಗೆದು ಮಡಿಸುತ್ತಾ, "ಟ್ಯಾಂಕು ಇನ್ನೂ ಹೊಸಾದು. ನಾಳೆ ಮಣ್ಣು ಬಿದ್ದು ಹಾಳಾಗ್ಬಿಡುತ್ತೆ. ನೀನೇ ಹಾಕ್ದೋನು, ನೀನೇ ಬಿಚ್ಚಿ ಯಾರ ಮನೇಗಾದ್ರೂ ಹಾಕ್ಕೊಡು," ಅಂದರು. ಮುಖದಲ್ಲಿ ಅಳು ಗಿಳು ಏನೂ ಇರಲಿಲ್ಲ. ಮದುವೆ ಮನೆಗೆ ಸಂಡಿಗೆ ಲೆಕ್ಕ ಹಾಕಿ ಕೊಡುವಾಗ ಇರುವಂಥದೇ ಮುಖ. ನನಗೆ ತಡೆದುಕೊಳ್ಳಲಾಗಲಿಲ್ಲ.

"ಅಕ್ಕಾ, ನಿಮ್ಮ ಬಾವಿ ಎಲ್ಗೂ ಹೋಗಿಲ್ಲ," ಅಂದೆ. "ಟ್ಯಾಂಕ್ ಹಾಕೋವಾಗ ನಾನು ವಾಷರ್ ಹಾಕೋದ್ ಮರ್ತಿದ್ದೆ."

ಅವರು ಸೀರೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ನಿಂಗ್ ಯಾವತ್ತು ಗೊತ್ತಾಯ್ತು?" ಎಂದು ಕೇಳಿದರು. ಇವತ್ತು ಎಂದು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಎಂಟನೆಯ ದಿನ ಎಂದೆ. ಅವರು ಮಡಿಸಿದ ಸೀರೆಯನ್ನು ಪಕ್ಕಕ್ಕಿಟ್ಟು, ನನ್ನ ಕಡೆ ನೋಡದೆ ಜಗಲಿಗೆ ಹೋಗಿ ಪದ್ಮನಾಭಯ್ಯನವರನ್ನು ಕರೆದುಕೊಂಡು ಬಂದರು.

ಪದ್ಮನಾಭಯ್ಯನವರಿಗೆ ಕೋಪಕ್ಕಿಂತ ಹೆಚ್ಚಾಗಿ ಗಾಬರಿಯಾಯಿತು. ರಜೆಯ ನಡುವೆ ಮುದ್ರೆ ಒಡೆದ ದಾಖಲೆಯೇ ಇಲ್ಲವಂತೆ. ಪುಸ್ತಕ ಹಿಂದೆ ಮುಂದೆ ತಿರುವಿದರು. ಕೊನೆಗೆ ನನ್ನಿಂದ ತಪ್ಪೊಪ್ಪಿಗೆ ಬರೆಸಿಕೊಂಡು, ಕಚೇರಿ ಮುಚ್ಚುವುದು ಆರು ಗಂಟೆಗೆ, ಅಷ್ಟರೊಳಗೆ ನಲ್ಲಿಯಲ್ಲಿ ನೀರು ತೋರಿಸಿದರೆ ಸರಿ, ಇಲ್ಲವಾದರೆ ಬೆಳಿಗ್ಗೆ ಮಣ್ಣು ಬೀಳುವುದೇ ಎಂದು ಹೇಳಿ, ಅರಗನ್ನು ಚಾಕುವಿನಿಂದ ಕೆರೆದು ತೆಗೆದರು. ಆಗ ಗಂಟೆ ನಾಲ್ಕೂವರೆ. ಸುದ್ದಿ ತಿಳಿದು ಬೀದಿಯವರೆಲ್ಲ ಹಿತ್ತಲಿನಲ್ಲಿ ನೆರೆದರು. ನಾನು ಜಾಯಿಂಟು ಬಿಚ್ಚಿದೆ. ಹಳೆಯ ನಾರು ಕೆರೆದೆ, ವಾಷರ್ ಕೂರಿಸಿದೆ, ಬಿಗಿದೆ. ಪಂಪಿನ ನೆತ್ತಿಯ ಮುಚ್ಚಳ ತೆಗೆದು ಸಾಕಮ್ಮನ ಕೊಡದ ನೀರು ತುಂಬಿ, ಒಳಗಿನ ಗಾಳಿ ಹೊರಡಿಸಿ, ಸ್ವಿಚ್ ಹಾಕಿದೆ.

ಗರಗರ ಎಂದಿತು. ಮುಳ್ಳು ಸೊನ್ನೆಯಲ್ಲೇ ಇತ್ತು. ಮತ್ತೆ ನೀರು ತುಂಬಿ ಹಾಕಿದೆ, ಅದೇ ಗರಗರ. ಹಾಗಾದರೆ ಬಾವಿ ನಿಜವಾಗಿಯೂ ರಜೆಯ ಮೇಲಿದೆಯೇ, ಮೊದಲ ದಿನ ನಾನು ಹೇಳಿದ್ದೇ ಸರಿಯೇ? ಇಷ್ಟು ಹೊಳೆದದ್ದೇ ತಡ, ನನ್ನ ಎದೆಯೊಳಗೆ ಸಣ್ಣಗೆ ಒಂದು ಖುಷಿ ಎದ್ದಿತು. ಥೂ, ಎಂಥ ಮನುಷ್ಯ ನಾನು! ತಲೆಯೆತ್ತಿದರೆ ದಾಕ್ಷಾಯಣಕ್ಕ ಚಪ್ಪಡಿಯ ಮೇಲೆ ಕೈಯೂರಿ ನಿಂತು ಮುಳ್ಳನ್ನೇ ನೋಡುತ್ತಿದ್ದರು. ಆ ಖುಷಿ ಬಂದದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ದೇವರ ಗೂಡಿನಿಂದ ಒಂದು ಕಟ್ಟು ಊದುಬತ್ತಿ ತರಲು ಹೇಳಿದೆ.

ಗಾಳಿ ಎಳೆಯುವ ತೂತು ಕಣ್ಣಿಗೆ ಕಾಣದು, ಹೊಗೆಗೆ ಕಾಣುತ್ತದೆ. ಪಂಪು ಓಡಲು ಬಿಟ್ಟು, ಹಚ್ಚಿದ ಊದುಬತ್ತಿಯನ್ನು ಪೈಪಿನ ಉದ್ದಕ್ಕೂ ಹಿಡಿದುಕೊಂಡು ನಿಧಾನವಾಗಿ ಹೋದೆ. ಜನ ನಾನು ಬಾವಿಗೆ ತಪ್ಪುಕಾಣಿಕೆಯ ಪೂಜೆ ಮಾಡುತ್ತಿದ್ದೇನೆ ಎಂದುಕೊಂಡು ಕೈ ಮುಗಿದರು. ಸಾಕಮ್ಮ ಗಂಟೆ ತಂದು ಬಾರಿಸತೊಡಗಿದಳು. ಬೇಡ ಎನ್ನಲು ನನಗೆ ಪುರುಸೊತ್ತಿರಲಿಲ್ಲ. ಹೊಸ ವಾಷರಿನ ಹತ್ತಿರ ಹೊಗೆ ನೆಟ್ಟಗೆ ಮೇಲೆದ್ದಿತು. ಪಂಪಿನ ಕುತ್ತಿಗೆಯ ಹತ್ತಿರವೂ ನೆಟ್ಟಗೆ. ಪೈಪಿನ ನಡುವೆ, 'ಬಾವಿ ರಜೆಯಲ್ಲಿದೆ' ಎಂಬ ಫಲಕದ ಹತ್ತಿರ ಬಂದಾಗ ಹೊಗೆ ಬಾಗಿತು. ಬಾಗಿ, ದಾರದ ಹಾಗೆ ಎಳೆಯಾಗಿ, ಫಲಕದ ಹಿಂದಕ್ಕೆ ನುಸುಳಿ ಮಾಯವಾಯಿತು. ಫಲಕ ಕಿತ್ತು ನೋಡಿದೆ. ಅದನ್ನು ಭದ್ರ ಮಾಡಲು ಪದ್ಮನಾಭಯ್ಯನವರು ಪೈಪಿಗೇ ಒಂದು ಸ್ಕ್ರೂ ಹೊಡೆದಿದ್ದರು.

ದಾರ ಕಟ್ಟಿದರೆ ಮಳೆಗೆ ಲಡ್ಡಾಗುತ್ತದೆ, ಅದಕ್ಕೇ ಮೊದಲಿನಿಂದಲೂ ಸ್ಕ್ರೂ ಹೊಡೆಯುವುದು ವಾಡಿಕೆ ಎಂದು ಅವರು ಮೆಲ್ಲಗೆ ಹೇಳಿದರು. ರಜೆಯಿಂದ ಬಂದ ಬಾವಿಗಳ ಪಂಪು ವಾರಗಟ್ಟಲೆ ಏದುಸಿರು ಬಿಡುವುದನ್ನು ಇಪ್ಪತ್ತೆರಡು ವರ್ಷದಿಂದ ಕೇಳಿದವನು ನಾನು. ಪ್ರಯಾಣದ ಆಯಾಸ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದು ಮನೆಮನೆಗೂ ಹೇಳಿಕೊಂಡು ಬಂದವನೂ ನಾನೇ. ಅವರ ಮುಖ ನಾನು ನೋಡಲಿಲ್ಲ, ನನ್ನ ಮುಖ ಅವರೂ ನೋಡಲಿಲ್ಲ. ತೂತಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ತಂತಿ ಬಿಗಿದು, ಮೂರನೆಯ ಸಲ ನೀರು ತುಂಬಿ ಸ್ವಿಚ್ ಹಾಕಿದೆ. ಗರಗರ ಶಬ್ದ ನಿಂತು ಗಟ್ಟಿಯಾದ ಗುಂಯ್ ಎನ್ನುವ ಶಬ್ದ ಬಂತು. ಮುಳ್ಳು ಹತ್ತಕ್ಕೆ ಏರಿತು, ಇಪ್ಪತ್ತಾಯಿತು, ನಲವತ್ತು ಮುಟ್ಟಿದಾಗ ಪಂಪು ಟಕ್ ಎಂದು ತಾನಾಗಿ ನಿಂತಿತು. ದಾಕ್ಷಾಯಣಕ್ಕ ನಲ್ಲಿ ತಿರುಗಿಸಿದರು. ನೀರು ಬಂದ ರಭಸಕ್ಕೆ ಅವರ ಸೆರಗೆಲ್ಲ ಒದ್ದೆಯಾಯಿತು. ನೀರಿಗೆ ಕೈಯೊಡ್ಡಿಕೊಂಡು ಅವರು ನಿಂತೇ ಇದ್ದರು, ಆಗ ಮಾತ್ರ ಅತ್ತರು.

ಐದೂ ಮುಕ್ಕಾಲಾಗಿತ್ತು. ಹಾಗಾದರೆ ಪುಸ್ತಕದಲ್ಲಿ ಬರೆದ ಹನ್ನೆರಡು ದಿನ ಹೊಡೆದು ಹಾಕಿ ಎಂದು ದಾಕ್ಷಾಯಣಕ್ಕ ಕೇಳಿದರು. ಪದ್ಮನಾಭಯ್ಯನವರು ಪುಸ್ತಕವನ್ನು ಎದೆಗವಚಿಕೊಂಡು, "ಬರ್ದಿದ್ದು ಬರ್ದಿದ್ದೇ ಕಣಮ್ಮ. ಶಾಯೀಲಿ ಬರ್ದಿದೀನಿ," ಎಂದರು. ಬಾವಿ ರಜೆಯಲ್ಲಿ ಎಲ್ಲಿಗೆ ಹೋಗುತ್ತದೆ ಎನ್ನುವುದು ಬಾವಿಯ ಖಾಸಗಿ ವಿಷಯ, ಮನೆಯಲ್ಲೇ ಇದ್ದು ಕಳೆದರೂ ರಜೆ ರಜೆಯೇ. ಈ ವರ್ಷದ ಹನ್ನೆರಡೂ ಮುಗಿದಿವೆ, ಇನ್ನು ಯುಗಾದಿಯವರೆಗೆ ಒಂದು ದಿನ ತಪ್ಪಿದರೂ ಮಣ್ಣು. ಎರಡು ವಾರ ತಾವೇ ದಿನಾ ಬೆಳಿಗ್ಗೆ ಬಂದು ನಲ್ಲಿ ತಿರುಗಿಸಿ ನೋಡುವುದಾಗಿಯೂ ಹೇಳಿದರು. ಸ್ಕ್ರೂ ವಿಷಯ ನಾಲ್ಕು ಜನರೆದುರು ಹೊರಬಿದ್ದದ್ದು ಅವರಿಗೆ ಚುಚ್ಚಿತ್ತು ಎಂದು ನನ್ನ ಎಣಿಕೆ. ನನ್ನ ಅಧಿಕಾರ ಅಲ್ಲೇ ಕಿತ್ತುಕೊಂಡರು. ಅದಕ್ಕೆ ನಾನು ತಕರಾರು ಮಾಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ದಾಕ್ಷಾಯಣಕ್ಕ ನಮ್ಮ ಮನೆಯ ಹಿಂಬಾಗಿಲಿಗೆ ಬಂದು ನಿಂತರು. ಮಾತಾಡದೆ ಕೈಸನ್ನೆ ಮಾಡಿದರು. ಹೋಗಿ ನೋಡಿದರೆ ಪಂಪು ಗರಗರ. ಪ್ರತಿಯೊಂದು ಜಾಯಿಂಟಿಗೂ, ನಿನ್ನೆ ಸುತ್ತಿದ ಟ್ಯೂಬಿಗೂ ಊದುಬತ್ತಿ ಹಿಡಿದೆ. ಎಲ್ಲ ಕಡೆಯೂ ಹೊಗೆ ನೆಟ್ಟಗೆ ಆಕಾಶಕ್ಕೆ ಹೋಯಿತು. ಹೋದದ್ದು ಬಾವಿಯೇ. ಹನ್ನೆರಡು ದಿನ ಇದ್ದಲ್ಲೇ ಇದ್ದು, ಇಲ್ಲ ಎನ್ನಿಸಿಕೊಂಡು, ಕೊನೆಗೆ ಅದೂ ರಜೆಯೇ ಎಂದು ಕೇಳಿಸಿಕೊಂಡರೆ ಯಾರು ತಾನೇ ಇರುತ್ತಾರೆ? ದಾಕ್ಷಾಯಣಕ್ಕ ಮೊದಲ ಸಲ ಹೆದರಿದ್ದನ್ನು ನಾನು ನೋಡಿದೆ. ಪದ್ಮನಾಭಯ್ಯನವರು ಎಂಟು ಗಂಟೆಗೆ ಬರುವವರಿದ್ದರು. ಈಗ ಬೀದಿಯವರ ಸರದಿಯ ನೀರನ್ನೂ ಕೇಳುವಂತಿಲ್ಲ, ಬಾವಿ ಇದೆ ಎಂದು ಬರೆದಾಗಿತ್ತಲ್ಲ.

ನಾನು ಮನೆಗೆ ಓಡಿದೆ. ನಮ್ಮ ಬಾವಿಯ ನೀರನ್ನು ಎರಡು ದೊಡ್ಡ ಕ್ಯಾನುಗಳಿಗೆ ತುಂಬಿ ಸೈಕಲ್ಲಿನ ಮೇಲೆ ಹೇರಿಕೊಂಡು ನಾಲ್ಕು ಸಲ ಓಡಾಡಿದೆ. ಪಂಪಿನ ಹಿಂದೆ ಮರೆಯಲ್ಲಿ ಒಂದು ಡ್ರಮ್ಮಿಟ್ಟು, ಬಾವಿಯ ಪೈಪನ್ನು ಬಿಚ್ಚಿ, ಡ್ರಮ್ಮಿನಿಂದ ನೀರೆಳೆಯುವ ಹಾಗೆ ಬೇರೆ ಪೈಪು ಕೂಡಿಸಿದೆ, ಈ ಸಲ ವಾಷರ್ ಎರಡೆರಡು ಸಲ ಮುಟ್ಟಿ ನೋಡಿ. ಪಂಪು ಡ್ರಮ್ಮಿನ ನೀರೆಳೆದು ಟ್ಯಾಂಕಿಗೆ ತುಂಬಿತು, ಮುಳ್ಳು ನಲವತ್ತಕ್ಕೆ ಬಂದು ನಿಂತಿತು. ಎಂಟು ಗಂಟೆಗೆ ಪದ್ಮನಾಭಯ್ಯನವರು ಬಂದು ನಲ್ಲಿ ತಿರುಗಿಸಿ, ಒಂದು ಬೊಗಸೆ ಕುಡಿದು, ಜಾಗರಣೆ ಮಾಡಿದವರ ಹಾಗೆ ಸ್ವಲ್ಪ ಸಪ್ಪೆಯಾಗಿದೆಯಲ್ಲ ನಿಮ್ಮ ಬಾವಿ ಎಂದರು. ನಮ್ಮ ಬಾವಿಗೆ ಅಂದದ್ದಕ್ಕೆ ನನಗೆ ರೇಗಿತು, ಬಾಯಿ ಬಿಡುವ ಹಾಗಿರಲಿಲ್ಲ.

ಇರುವ ಬಾವಿಯನ್ನು ಇಲ್ಲ ಎಂದವನು ಈಗ ಇಲ್ಲದ ಬಾವಿಯನ್ನು ಇದೆ ಎಂದು ತೋರಿಸಲು ದಿನಾ ಬೆಳಿಗ್ಗೆ ನೀರು ಹೊತ್ತೆ. ಈಗ ಹಿಟ್ಟು ಬೇಯಿಸುವುದೂ ಶುರುವಾಗಿತ್ತು, ಬಾವಿ ಇರುವ ಮನೆಯಲ್ಲಿ ಸಂಡಿಗೆ ನಿಂತರೆ ಜನ ಅನುಮಾನಪಡುವುದಿಲ್ಲವೇ? ಎಂಟು ಕ್ಯಾನು ಹನ್ನೆರಡಾಯಿತು. ದಾರಿಯಲ್ಲಿ ಕೇಳಿದವರಿಗೆ ಟ್ಯಾಂಕು ತೊಳೆಯುವ ಔಷಧಿ ಎಂದೆ. ಅದು ಇನ್ನೊಂದು ಪೀಕಲಾಟಕ್ಕೆ ಬಂತು, ಸಾಕಮ್ಮನೂ ಆಚೆಮನೆಯವರೂ ತಮ್ಮ ಟ್ಯಾಂಕಿಗೂ ಅದೇ ಔಷಧಿ ಹಾಕು ಎಂದು ಗಂಟುಬಿದ್ದರು. ಅವರ ಮನೆಗಳಿಗೂ ಒಂದೊಂದು ಕ್ಯಾನು ಹೊತ್ತು ಹಾಕಿದೆ. ನೀರು ಎಷ್ಟು ಹಗುರಾಯಿತು ಎಂದು ಅವರು ಹೊಗಳಿದ್ದೇ ಹೊಗಳಿದ್ದು. ನನ್ನ ಸೊಂಟ ಹಿಡಿದುಕೊಂಡಿತು, ಎಡಗೈ ಮೇಲೇಳುತ್ತಿರಲಿಲ್ಲ. ಕಮಲಿಗೆ ಎಲ್ಲ ಹೇಳಿದ್ದೆ. ಅವಳು ಬೆನ್ನಿಗೆ ಎಣ್ಣೆ ತಿಕ್ಕುತ್ತಾ, ಆರು ಹೋಳಿಗೆ ಅಲ್ವಾ, ಸ್ವಲ್ಪ ಕರಗಲಿ ಎಂದಳು.

ದಾಕ್ಷಾಯಣಕ್ಕ ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ನಾನು ಡ್ರಮ್ಮು ತುಂಬಿಸುವಾಗ ಚಪ್ಪಡಿಯ ಮೇಲೆ ಚಾಪೆ ಹಾಸಿ ಸಂಡಿಗೆ ಒಣಗಿಸಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದರು. ಒಂದೊಂದು ದಿನ, ಇನ್ನೂ ಎರಡು ಕ್ಯಾನು ಬೇಕಾಗಬಹುದು ನೋಡು ಎನ್ನುತ್ತಿದ್ದರು. ನಾನು ಎರಡು ಮಾತಾಡದೆ ತರುತ್ತಿದ್ದೆ. ಬಾವಿ ಯಾವಾಗ ಬಂದೀತು, ಬರದೇ ಹೋದರೆ ಯುಗಾದಿಯವರೆಗೆ ಹೀಗೇ ಹೊರಬೇಕೇ ಎಂದು ಯೋಚಿಸಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಹೊರುತ್ತೇನೆ ಎಂದೇ ತೀರ್ಮಾನ ಮಾಡಿದ್ದೆ. ಪುಣ್ಯ ಕಟ್ಟಿಕೊಳ್ಳಲಿಕ್ಕಲ್ಲ, ಆ ಗೋಣಿಚೀಲಗಳನ್ನು ಇನ್ನೊಂದು ಸಲ ಬಾಯಿ ಕಟ್ಟಿ ನಿಲ್ಲಿಸಿದ್ದನ್ನು ನೋಡಲು ನನ್ನಿಂದ ಸಾಧ್ಯವಿರಲಿಲ್ಲ.

ಹನ್ನೆರಡು ಬೆಳಗು ಹೀಗೇ ಕಳೆದವು. ಹದಿಮೂರನೆಯ ದಿನ ಎರಡು ಕ್ಯಾನು ಇಳಿಸಿಕೊಂಡು ಹಿತ್ತಲಿಗೆ ಹೋದರೆ ಡ್ರಮ್ಮನ್ನು ತೊಳೆದು ಬೋರಲು ಹಾಕಿದ್ದರು. ಪದ್ಮನಾಭಯ್ಯನವರಿಗೆ ಎಲ್ಲ ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ದಾಕ್ಷಾಯಣಕ್ಕ ಹಿಟ್ಟಿನ ಕೈ ತೊಳೆದುಕೊಳ್ಳುತ್ತಾ, ಪೈಪನ್ನು ಮೊದಲಿನ ಹಾಗೆ ಬಾವಿಗೆ ಕೂಡಿಸು, ಇವತ್ತಿನಿಂದ ನೀರು ತರುವುದು ಬೇಡ ಎಂದರು. ಬಂತೇ ಎಂದು ಕೇಳಿದೆ. ಬಂತು ಎಂದರು. ನಾನು ಚಪ್ಪಡಿ ಮುಟ್ಟಿ ನೋಡಿದೆ. ಒಣಗಿ ಬಿಸಿಲಿಗೆ ಬೆಚ್ಚಗಾಗಿತ್ತು, ಬೆವರಿನ ಸುಳಿವೇ ಇಲ್ಲ.

"ಐದನೇ ದಿನಾನೇ ಬೆವರಿತ್ತು," ಅಂದರು. "ನಿಂಗ್ ಕಾಣ್ಬಾರ್ದು ಅಂತ ಚಾಪೆ ಹಾಸಿದ್ದೆ."

ನಾನು ಎರಡೂ ಕ್ಯಾನುಗಳನ್ನು ಕೆಳಗಿಟ್ಟೆ. ಹಾಗಾದರೆ ಆಮೇಲೆ ಇಷ್ಟು ದಿನ ನಾನು ಹೊತ್ತದ್ದು ಯಾತಕ್ಕೆ ಎಂದು ಕೇಳಿದೆ.

"ನೀನು ಬರೆಸಿದ್ದು ಹನ್ನೆರಡು ದಿನ," ಅಂದರು ದಾಕ್ಷಾಯಣಕ್ಕ. "ನಾನು ಒಂದ್ ದಿನಾನೂ ಜಾಸ್ತಿ ಹೊರಿಸ್ಲಿಲ್ಲ ಕಣೋ."

ಒಳಗೆ ಹೋಗಿ, ತಟ್ಟೆಯಲ್ಲಿ ಆಗತಾನೇ ಕರಿದ ಸಂಡಿಗೆ ಹಾಕಿಕೊಂಡು ಬಂದು ನನ್ನ ಮುಂದಿಟ್ಟರು. ನಾನು ಚಪ್ಪಡಿಯ ಪಕ್ಕದಲ್ಲಿ ಕೂತು, ಎತ್ತಲಾಗದ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯಲ್ಲಿ ಒಂದೊಂದಾಗಿ ಎಲ್ಲವನ್ನೂ ತಿಂದೆ.